ಎಂಟನೇ ಪುಟದ ಕಪ್ಪು

ನೆದರ್ ಕೂಮ್ ಊರಿನ ವಾಚನಾಲಯಕ್ಕೆ ಪತ್ರಿಕೆ ಬರುತ್ತಿದ್ದುದು ಬೆಳಿಗ್ಗೆ ಏಳೂವರೆಗೆ, ಅಂಚೆ ಗಾಡಿಯಲ್ಲಿ. ಬಾಗಿಲು ತೆರೆಯುತ್ತಿದ್ದುದು ಎಂಟಕ್ಕೆ. ನಡುವಿನ ಅರ್ಧ ಗಂಟೆ ಜೇಬೆಜ್ ಪರ್ಡ್ಯೂನದು.

ಜೇಬೆಜ್ ಕಸುಬಿನಲ್ಲಿ ಜೀನಗಾರ. ಕುದುರೆಯ ಜೀನು, ಲಗಾಮು, ನೇಗಿಲಿಗೆ ಹೂಡುವ ಕುದುರೆಗಳ ಕೊರಳಪಟ್ಟಿ ಹೊಲಿದು ಬದುಕಿದವನು. ವಯಸ್ಸು ಅರವತ್ತಮೂರು. ಹದಿನಾಲ್ಕು ವರ್ಷಗಳ ಹಿಂದೆ ಪಾದ್ರಿಗಳು ಬಿಯರಿನ ಮಾಲ್ಟ್ ಇಡುತ್ತಿದ್ದ ಹಳೆಯ ಉಗ್ರಾಣವನ್ನು ಸುಣ್ಣ ಬಳಿಸಿ ವಾಚನಾಲಯ ಮಾಡಿದಾಗ ಅವನನ್ನೇ ಕಾರ್ಯದರ್ಶಿ ಮಾಡಿದರು. ಅಂದಿನಿಂದ ಅವನೇ ಕಾರ್ಯದರ್ಶಿ. ಗೋಡೆಯ ಮೇಲಿನ ಹನ್ನೊಂದು ನಿಯಮಗಳನ್ನು ದುಂಡಗೆ ಬರೆದವನೂ ಅವನೇ. ಹೆಂಡ ತರಕೂಡದು, ಜೂಜಾಡಕೂಡದು, ಉಗುಳಕೂಡದು. ನಾಲ್ಕನೆಯದು: ತೆರೆದಿರುವ ಹೊತ್ತಿನಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ.

ಕುದುರೆ ರೇಸಿನ ಸುದ್ದಿಯನ್ನು ಮರೆಮಾಡುವ ಪದ್ಧತಿ ಆಮೇಲೆ ಬಂತು. ಗಂಡಸರು ಪತ್ರಿಕೆ ಬಿಡಿಸಿದವರೇ ಏಳನೇ ಪುಟಕ್ಕೆ ಹಾರಿ, ಯಾವ ಕುದುರೆ ಗೆದ್ದಿತು ಎಂದು ನೋಡಿ, ಮಿಕ್ಕ ಪುಟಗಳನ್ನು ಮುಟ್ಟದೆ ಎದ್ದು ಹೋಗುತ್ತಿದ್ದರು. ಸಮಿತಿ ಸೇರಿತು, ಠರಾವು ಆಯಿತು: ರೇಸಿನ ಅಂಕಣ ಸದಸ್ಯರ ಕಣ್ಣಿಗೆ ಬೀಳಕೂಡದು. ಮೊದಮೊದಲು ಜೇಬೆಜ್ ಬರೆಯುವ ಶಾಯಿಯನ್ನೇ ಬಳಿದ. ಎರಡೇ ವಾರದಲ್ಲಿ ಮುದುಕ ಸಾಲ್ ಹಿಬರ್ಡ್ ಹಾಳೆಯನ್ನು ಕಿಟಕಿಗೆ ಹಿಡಿದು, ಬೆಳಕಿನಲ್ಲಿ ಶಾಯಿಯ ಹಿಂದಿನ ಅಕ್ಷರ ಓದಿ, ಊರಿಗೆಲ್ಲ ಫಲಿತಾಂಶ ಹೇಳಿದ. ಆಗ ಜೇಬೆಜ್ ತನ್ನ ಅಂಗಡಿಯ ಕಪ್ಪನ್ನೇ ತಂದ. ದೀಪದ ಮಸಿ, ಎಣ್ಣೆ, ಜೇನುಮೇಣ ಕುದಿಸಿ ಮಾಡಿದ, ಜೀನಿಗೆ ಬಳಿಯುವ ಕಪ್ಪು. ಒಂದಲ್ಲ, ಎರಡು ಸಲ. ಆಮೇಲೆ ಸೂರ್ಯನಿಗೂ ಅದನ್ನು ತೂರಲಾಗಲಿಲ್ಲ. ಹಿಂಬದಿಯ ಎಂಟನೇ ಪುಟದಲ್ಲೂ ಅಷ್ಟೇ ದೊಡ್ಡ ಕಪ್ಪು ಕಿಟಕಿ ಮೂಡುತ್ತಿತ್ತು. ಅಲ್ಲಿ ಇರುತ್ತಿದ್ದುದು ಹಡಗುಗಳ ವೇಳೆ, ಗೋಧಿಯ ಧಾರಣೆ. ಯಾರೂ ದೂರಲಿಲ್ಲ.

ಆ ಹೊತ್ತಿನಲ್ಲಿ ರೂಮಿನಲ್ಲಿರುತ್ತಿದ್ದ ಇನ್ನೊಬ್ಬಳು ಥರ್ಜಾ ವೌಲ್ಸ್. ಕಸ ಗುಡಿಸಿ, ಒಲೆ ಹಚ್ಚಿ, ಎಂಟಕ್ಕೆ ಮುಂಚೆ ಹೊರಡುವುದು ಅವಳ ಕೆಲಸ. ಉಳಿದ ಹೊತ್ತು ಮನೆಯಲ್ಲಿ ಪಾದ್ರಿಯವರ, ದೊಡ್ಡ ಒಕ್ಕಲುಗಳ ಬಟ್ಟೆಗೆ ಇಸ್ತ್ರಿ. ಗಂಡ ಒಂಬತ್ತು ವರ್ಷದ ಹಿಂದೆ ‘ನೇಗಿಲು’ ಪಬ್ಬಿನಿಂದ ಕುಡಿದು ಬರುತ್ತ ಗಿರಣಿಯ ಕಾಲುವೆಗೆ ಬಿದ್ದು ಸತ್ತಿದ್ದ. ಇದ್ದವನು ಒಬ್ಬನೇ ಮಗ, ರೂಬೆನ್. ಕೌಂಟಿಯ ರೆಜಿಮೆಂಟಿನಲ್ಲಿ ಸಿಪಾಯಿಯಾಗಿ, ಬೋವರ್ ಯುದ್ಧಕ್ಕೆ ಆಫ್ರಿಕಾಕ್ಕೆ ಹೋಗಿದ್ದ. ಅಧಿಕಾರಿಗಳಿಗೆ ಏನಾದರೂ ಆದರೆ ಮನೆಗೆ ತಂತಿ ಬರುತ್ತಿತ್ತು. ಸಿಪಾಯಿಗಳ ತಾಯಂದಿರಿಗೆ ಸರ್ಕಾರದ ಕಾಗದ ಬರುವ ಹೊತ್ತಿಗೆ ಪತ್ರಿಕೆಯ ಪಟ್ಟಿಯೇ ಮುಂದೆ ಬಂದುಬಿಡುತ್ತಿತ್ತು.

ಥರ್ಜಾಗೆ ಓದು ಬಾರದು. ದಿನವೂ ಕೇಳುತ್ತಿದ್ದಳು.

1900ರ ಫೆಬ್ರವರಿಯ ಆ ಶುಕ್ರವಾರವೂ ಒಲೆಯ ಮುಂದೆ ಮಂಡಿಯೂರಿಕೊಂಡೇ ಕೇಳಿದಳು: “ಏನಾದ್ರೂ ಇದೆಯಾ, ಯಜಮಾನ್ರೆ?”

ಜೇಬೆಜ್ ಏಳನೇ ಪುಟಕ್ಕೆ ಎರಡನೇ ಸಲ ಕಪ್ಪು ಬಳಿದು, ಹಾಳೆಯನ್ನು ಒಲೆಯ ಹತ್ತಿರ ಒಣಗಲು ತೂಗುಹಾಕಿದ್ದ. ಯುದ್ಧದ ಸುದ್ದಿ ಬರುವುದು ಐದನೇ ಪುಟದಲ್ಲಿ. ಅದನ್ನು ಮೇಲಿನಿಂದ ಕೆಳಗೆ ನೋಡಿದ್ದ.

“ಇಲ್ಲ ತಾಯಿ. ಇವತ್ತು ಪಟ್ಟೀನೇ ಇಲ್ಲ.”

“ಸದ್ಯ. ಇನ್ನೊಂದು ದಿನ ಕಳೀತು,” ಅಂದು ಬಕೆಟ್ಟು ಎತ್ತಿಕೊಂಡು ಹೋದಳು.

ಹನ್ನೊಂದರ ಹೊತ್ತಿಗೆ ರೂಮಿನಲ್ಲಿ ಸಾಲ್ ಮತ್ತು ಇನ್ನಿಬ್ಬರು ಮುದುಕರು ಡಾಮಿನೋ ಆಡುತ್ತಿದ್ದರು. ಬಾಡಿಗೆ ಗಾಡಿಯ ಟಾರೆಂಟ್ ಬಾಗಿಲಲ್ಲಿ ತಲೆ ಹಾಕಿದ. ದಿನವೂ ಬೆಳಿಗ್ಗೆ ಮಾರ್ಕೆಟ್ ಓರ್ಲಿಯ ಸ್ಟೇಷನ್ನಿನಿಂದ ಸಾಮಾನು ತರುವವನು ಅವನು.

“ಜೇಬೆಜಣ್ಣ, ವೌಲ್ಸ್ ಹುಡುಗನ ಹೆಸರಿದೆಯಾ?”

“ಯಾವುದರಲ್ಲಿ?”

“ಪಟ್ಟೀಲಿ ಮಾರಾಯ! ಸ್ಟೇಷನ್ನಲ್ಲಿ ಎಲ್ರ ಬಾಯಲ್ಲೂ ಅದೇ. ನಮ್ ಕೌಂಟಿ ಹುಡುಗರದು ಉದ್ದ ಪಟ್ಟಿಯಂತೆ. ತಡವಾಗಿ ಬಂದ ತಂತಿ, ಕೊನೇ ಪುಟದಲ್ಲಿ ಹಾಕಿದಾರಂತೆ. ನನಗೆ ಅಕ್ಷರ ಬರೋ ಹಾಗಿದ್ರೆ ನಿನ್ನ ಕೇಳ್ತಿದ್ನಾ?”

ಜೇಬೆಜ್ ಪತ್ರಿಕೆ ತಿರುವಿದ. ಎಂಟನೇ ಪುಟ. ಮೇಲೆ ‘ಗಾಯಾಳುಗಳು ಮತ್ತು ಮೃತರು’ ಎಂಬ ತಲೆಬರಹ. ಅದರ ಕೆಳಗೆ ಬೇರೆ ಎರಡು ರೆಜಿಮೆಂಟುಗಳ ಹೆಸರುಗಳು. ಆಮೇಲೆ ತಮ್ಮ ಕೌಂಟಿಯ ಹೆಸರು, ಅದೂ ಅರ್ಧ. ಅಲ್ಲಿಂದ ಕೆಳಕ್ಕೆ ಅವನದೇ ಕೈಯ ಕಪ್ಪು, ನೇರ ಅಂಚು, ಎಲ್ಲೂ ಒಂದು ಕೂದಲೆಳೆ ಬಿಟ್ಟಿರಲಿಲ್ಲ.

ಸಾಲ್ ಎದ್ದು ಬಂದು ಭುಜದ ಮೇಲಿನಿಂದ ಇಣುಕಿದ. “ನಾಲ್ಕು ಹೆಸರಿರಬಹುದು, ನಲವತ್ತಿರಬಹುದು. ಕಿಟಕಿಗೆ ಹಿಡಿದು ನೋಡ್ಲಾ?” ಎಂದ. ಆಮೇಲೆ ಜೇಬೆಜನ ಮುಖ ನೋಡಿ ಡಾಮಿನೋ ಮೇಜಿಗೆ ಹಿಂದಿರುಗಿದ.

ಜೇಬೆಜ್ ಅಂಗಡಿಗೆ ಓಡಿ ಟರ್ಪೆಂಟೈನ್ ತಂದು, ಬಟ್ಟೆಯ ತುದಿ ಅದ್ದಿ, ಮೆಲ್ಲಗೆ ಒರೆಸಿದ. ಕಪ್ಪು ಬಿಟ್ಟಿತು. ಅದರ ಜೊತೆಗೆ ಅಚ್ಚಿನ ಶಾಯಿಯೂ ಬಿಟ್ಟಿತು. ಬಟ್ಟೆಯ ಮೇಲೆ ಬೂದು ಕಲೆ, ಹಾಳೆಯ ಮೇಲೆ ತೂತು.

ಪಾದ್ರಿಗಳ ಮನೆಗೆ ಬೇರೆ ಪತ್ರಿಕೆ ಬರುತ್ತಿತ್ತು. ಆದರೆ ಎದೆಯ ಕಾಯಿಲೆಯೆಂದು ಅವರು ಕಡಲ ತೀರದ ಟಾರ್ಕಿ ಊರಿಗೆ ಹೋಗಿ ತಿಂಗಳಾಗಿತ್ತು. ಜಮೀನ್ದಾರರ ಬಂಗಲೆಗೆ ಬೀಗ. ಇನ್ನು ರಸ್ತೆ ದಾಟಿದರೆ, ಇಪ್ಪತ್ತು ಹೆಜ್ಜೆಗೆ, ‘ನೇಗಿಲು’. ಅಲ್ಲಿಗೂ ಇದೇ ಪತ್ರಿಕೆ ಬರುತ್ತಿತ್ತು. ಬರುವುದೇ ಏಳನೇ ಪುಟಕ್ಕಾಗಿ. ಊರಿಗೆಲ್ಲ ಗೊತ್ತಿದ್ದ ಮಾತು ಜೇಬೆಜನಿಗೂ ಗೊತ್ತಿತ್ತು. ಆದರೆ ಹದಿನೇಳನೇ ವಯಸ್ಸಿನಲ್ಲಿ ಹೆಂಡ ಮುಟ್ಟುವುದಿಲ್ಲವೆಂದು ಸಹಿ ಹಾಕಿದಂದಿನಿಂದ ಅವನು ಆ ಹೊಸ್ತಿಲು ತುಳಿದವನಲ್ಲ. ಆ ಪಬ್ಬಿನ ಪರವಾನಗಿ ರದ್ದು ಮಾಡಿ ಎಂದು ಎರಡು ಸಲ ಅರ್ಜಿ ಬರೆದು ಮನೆಮನೆ ಸುತ್ತಿ ಸಹಿ ಹಾಕಿಸಿದ್ದ. ಅವನು ಕೋಟು ಹಾಕಿಕೊಂಡು ಐದು ಮೈಲಿ ದೂರದ ಮಾರ್ಕೆಟ್ ಓರ್ಲಿಗೆ ನಡೆದೇ ಹೊರಟ. ಟಾರೆಂಟನ ಗಾಡಿ ಎದುರು ದಿಕ್ಕಿಗೆ ಹೋಗುವುದಿತ್ತು.

ದಾರಿಯುದ್ದಕ್ಕೂ ಕೆಸರು. ಪಟ್ಟಣದ ಕುಶಲಕರ್ಮಿಗಳ ಸಂಸ್ಥೆಯ ವಾಚನಾಲಯ ತಲುಪಿದಾಗ ಒಂದು ಗಂಟೆ ದಾಟಿತ್ತು. ಎತ್ತರದ ಇಳಿಜಾರು ಮೇಜುಗಳ ಮೇಲೆ ಆರು ಪತ್ರಿಕೆಗಳು ಸಾಲಾಗಿ ಹರಡಿದ್ದವು. ತನಗೆ ಬೇಕಾದುದನ್ನು ಹುಡುಕಿ, ಕೊನೆಯ ಪುಟಕ್ಕೆ ತಿರುವಿದ. ಪುಟದ ನಟ್ಟನಡುವೆ ಚೌಕಾಕಾರದ ತೂತು. ತೂತಿನಾಚೆ ಗುಮಾಸ್ತನ ಚೆಕ್ಸ್ ವೇಸ್ಟ್‌ಕೋಟು ಕಾಣುತ್ತಿತ್ತು.

“ರೇಸಿನ ಸುದ್ದಿ,” ಎಂದ ಗುಮಾಸ್ತ, ಹೆಮ್ಮೆಯಿಂದ. “ಕೆಲವು ಹಳ್ಳಿಗಳಲ್ಲಿ ಇನ್ನೂ ಕಪ್ಪು ಬಳೀತಾರಂತೆ, ಪುಟವೆಲ್ಲ ಹೊಲಸು. ನಾವು ಕತ್ತರೀಲಿ ಕತ್ತರಿಸ್ತೀವಿ. ಚೊಕ್ಕ ಕೆಲಸ.”

“ಕತ್ತರಿಸಿದ ತುಂಡು ಎಲ್ಲಿ?”

“ಒಲೆಗೆ ಹಾಕಿದೆ. ಇಟ್ಕೊಂಡ್ರೆ ಕತ್ತರಿಸಿ ಏನು ಬಂತು?”

ಜೇಬೆಜ್ ಪತ್ರಿಕೆಯನ್ನು ಮಡಚಿಟ್ಟ. ತನ್ನದೇ ಬುದ್ಧಿ, ತನ್ನದೇ ಮಾತು, ಬೇರೆಯವನ ಬಾಯಲ್ಲಿ. ಸ್ಟೇಷನ್ನಿನ ಪುಸ್ತಕದಂಗಡಿಗೆ ಹೋದ. ಪತ್ರಿಕೆ ಎಂಟೂವರೆಗೇ ಮುಗಿದಿತ್ತು. “ಪಟ್ಟಿ ಬಂದ ದಿನ ಎರಡರಷ್ಟು ತರಿಸಿದ್ರೂ ಸಾಲಲ್ಲ ತಾತ,” ಎಂದಳು ಅಂಗಡಿಯವಳು. ಅವನು ಬಂದ ದಾರಿಯಲ್ಲೇ ತಿರುಗಿದ. ಮೂರನೇ ಮೈಲಿಗೆ ಎಡಗಾಲಿನ ಹಿಮ್ಮಡಿ ಬೊಬ್ಬೆ ಎದ್ದಿತು.

ಊರು ಸೇರಿದಾಗ ನಾಲ್ಕೂವರೆ. ಥರ್ಜಾಳ ಮನೆ ದಾರಿಯಲ್ಲೇ. ಕಿಟಕಿಯೊಳಗೆ ಅವಳು ಪ್ರಾರ್ಥನೆಯ ಹಾಡು ಗುನುಗುತ್ತ ದುಪ್ಪಟಿಗೆ ಇಸ್ತ್ರಿ ಉಜ್ಜುತ್ತಿದ್ದಳು. ಅವನನ್ನು ಕಂಡು ಕೈ ಬೀಸಿದಳು. ಅವನೂ ಬೀಸಿದ. ನೇರವಾಗಿ ನಡೆದು, ‘ನೇಗಿಲು’ ಪಬ್ಬಿನ ಬಾಗಿಲು ತಳ್ಳಿದ.

ಒಳಗೆ ನಾಲ್ಕು ಜನರಿದ್ದರು. ಪಬ್ಬಿನ ಒಡತಿ ಡೈನಾ ಗ್ಯಾಪರ್ ಎರಡೂ ಕೈ ಸೊಂಟಕ್ಕಿಟ್ಟಳು.

“ಅಯ್ಯೋ, ಯಾರಪ್ಪಾ ಇದು! ಒಂದ್ನಿಮಿಷ ತಡೀರಿ ಸೆಕ್ರೆಟರಿಗಳೇ, ಗೋಡೆ ಮೇಲೆ ತಾರೀಕು ಬರ್ಕೋತೀನಿ. ಏನು ಕೊಡ್ಲಿ? ಸೈಡರ್ರೋ, ಬಿಯರ್ರೋ? ಮೊದಲನೇ ಸಲ, ದುಡ್ಡು ಬೇಡ.”

“ಪತ್ರಿಕೆ ಕೊಡಿ.”

“ಓಹೋ! ಕುದುರೆ ಮೇಲೆ ಬಾಜಿ ಕಟ್ಟಿದೀರಾ?”

ಮೂಲೆಯಲ್ಲಿ ಯಾರೋ ನಕ್ಕರು.

“ಎಂಟನೇ ಪುಟ ಬೇಕು,” ಎಂದ ಜೇಬೆಜ್. “ನಮ್ಮದರಲ್ಲಿ ಪಟ್ಟಿ ಕಾಣಲ್ಲ. ನಾನು ಬಳಿದುಬಿಟ್ಟಿದೀನಿ.”

ಡೈನಾಳ ಕೈ ಸೊಂಟದಿಂದ ಜಾರಿತು. “ಹಾಗಂದ್ರೆ... ಥರ್ಜಾಗೆ ಗೊತ್ತಿಲ್ವಾ?”

ಜೇಬೆಜ್ ಇಲ್ಲವೆಂದು ತಲೆಯಾಡಿಸಿದ.

“ಅಯ್ಯೋ ದೇವರೇ. ನಾವು ಬೆಳಿಗ್ಗೆ ಎಂಟೂವರೆಗೇ ಓದಿದ್ವಿ ಕಣ್ರೀ. ಇಲ್ಲಿಗೆ ಬರೋರಿಗೆಲ್ಲ ಗೊತ್ತು. ಅವಳು ದಿನಾ ಬೆಳಿಗ್ಗೆ ನಿಮ್ಮ ರೂಮಲ್ಲೇ ಇರ್ತಾಳೆ, ನೀವು ಹೇಳಿರ್ತೀರಿ ಅಂದ್ಕೊಂಡ್ವಿ. ಹಾಡ್ಕೊಂಡು ಇಸ್ತ್ರಿ ಮಾಡ್ತಿದ್ಲು. ಎಂಥಾ ಗಟ್ಟಿಗಿತ್ತಿ, ದುಃಖ ನುಂಗ್ಕೊಂಡು ಕೆಲಸ ಮಾಡ್ತಿದಾಳೆ ಅಂತ ನಾವೇ ಮಾತಾಡ್ಕೊಂಡ್ವಿ. ಹೋಗಿ ಮಾತಾಡ್ಸೋಣ ಅಂದ್ರೆ, ಅವಳ ಗಂಡ ಹೋದ ಮೇಲೆ ನಮ್ಮ ಮುಖ ಕಂಡ್ರೇ ಆಗಲ್ಲ ಅವಳಿಗೆ.”

ಪತ್ರಿಕೆ ತಂದು ಮೇಜಿನ ಮೇಲೆ ಹರಡಿದಳು. ಯಾರೋ ಬಿಯರಿನ ಲೋಟ ಸರಿಸಿದರು. ಜೇಬೆಜ್ ಕನ್ನಡಕ ಹಾಕಿಕೊಂಡು ಮೊದಲು ಮೃತರ ಪಟ್ಟಿ ಓದಿದ, ಪ್ರತಿ ಹೆಸರಿನ ಕೆಳಗೂ ಬೆರಳಿಟ್ಟು. ಆಮೇಲೆ ಗಾಯಾಳುಗಳದು. ‘ವೌಲ್ಸ್, ಆರ್., ಸಿಪಾಯಿ, 4172.’ ಆ ಸಂಖ್ಯೆ ಅವನಿಗೆ ಬಾಯಿಪಾಠ. ಥರ್ಜಾಳ ಕಾಗದಗಳಿಗೆ ವಿಳಾಸ ಬರೆಯುತ್ತಿದ್ದವನು ಅವನೇ. ಬೇರೆ ವೌಲ್ಸ್ ಇರಬಹುದೆಂಬ ಆಸೆಗೂ ಎಡೆ ಉಳಿಯಲಿಲ್ಲ. ಹೆಸರಿನ ಮುಂದೆ ಒಂದೇ ಮಾತು: ‘ಅಪಾಯಕರ’.

“ಹಾಳೆ ತಗೊಂಡು ಹೋಗಿ,” ಎಂದಳು ಡೈನಾ. “ಏಳನೇ ಪುಟದ ಕಡೆ ತಿರುಗಿಸ್ಬೇಡಿ, ಪಾಪ ಅಂಟ್ಕೊಳ್ಳುತ್ತೆ.” ಗೇಲಿಯ ಮಾತೇ, ಆದರೆ ದನಿಯಲ್ಲಿ ಗೇಲಿ ಇರಲಿಲ್ಲ.

ಥರ್ಜಾ ಬಾಗಿಲು ತೆರೆದವಳು ಅವನ ಕೈಯಲ್ಲಿದ್ದ ಹಾಳೆ ನೋಡಿದಳು, ಆಮೇಲೆ ಮುಖ ನೋಡಿದಳು. ಹಿಂದಕ್ಕೆ ಹೋಗಿ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಕಟ್ಟೆಯ ಮೇಲೆ ಇಟ್ಟಳು.

“ಬದುಕಿದಾನೆ,” ಎಂದ ಜೇಬೆಜ್. ಅದನ್ನೇ ಮೊದಲು ಹೇಳಬೇಕೆಂದು ರಸ್ತೆ ದಾಟುವಾಗಲೇ ತೀರ್ಮಾನಿಸಿದ್ದ. “ಪಟ್ಟಿ ಕಳಿಸುವಾಗ ಬದುಕಿದ್ದ. ಗಾಯವಾಗಿದೆ.”

“ಎಲ್ಲಿಗೆ?”

“ಅದು ಬರೆದಿಲ್ಲ.”

“ಎಷ್ಟು?”

“ಅವರು ಮೂರು ಥರ ಹಾಕ್ತಾರೆ. ಸ್ವಲ್ಪ, ತೀವ್ರ, ಅಪಾಯಕರ. ಇವನದು ಮೂರನೇದು.”

“ಅದಾದ ಮೇಲೆ ಏನಿದೆ?”

“ಅದಾದ ಮೇಲೆ ಗಾಯದ ವರ್ಗ ಇಲ್ಲ, ತಾಯಿ.”

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು, ಕೂರಲಿಲ್ಲ. “ಯಾವತ್ತು ಆದದ್ದು?”

“ಎಂಟು ದಿನದ ಹಿಂದೆ.”

“ಇವತ್ತಿನ ಪತ್ರಿಕೆನಾ ಇದು?”

“ಇವತ್ತಿಂದೇ. ರೇಸಿನ ಹಿಂದಿನ ಪುಟದಲ್ಲಿತ್ತು. ನಾನು ಬಳಿದಿದ್ದೆ. ನನಗೆ ಕಾಣಲಿಲ್ಲ.”

“ನೀವು ‘ಇಲ್ಲ’ ಅಂದ್ರಿ.”

“ಅಂದೆ.”

“ನಾನು ಓದು ಬಾರದೋಳು, ಯಜಮಾನ್ರೆ. ನನಗೆ ಕಣ್ಣು ಅಂದ್ರೆ ನೀವೇ. ‘ನಾನು ಪೂರ್ತಿ ನೋಡಿಲ್ಲ’ ಅಂದಿದ್ರೆ ನಾನು ಕಾಯ್ತಿದ್ದೆ. ‘ಇಲ್ಲ’ ಅಂದ್ರಿ. ನಾನು ಮನೆಗೆ ಬಂದು ಹಾಡು ಹೇಳ್ದೆ.”

ಅವನು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಕ್ಷಮಿಸು ಎಂದ. ಅವಳು ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು.

“ಇವತ್ತು ಶುಕ್ರವಾರ ಅಲ್ವಾ?” ಎಂದಳು.

ಅವನಿಗೆ ತಕ್ಷಣ ಅರ್ಥವಾಯಿತು. ಆಫ್ರಿಕಾಕ್ಕೆ ಅಂಚೆಯ ಹಡಗು ಸೌತಾಂಪ್ಟನ್ ಬಿಡುವುದು ಶನಿವಾರ, ವಾರಕ್ಕೊಂದೇ. ಅದನ್ನು ಹಿಡಿಯಬೇಕಾದರೆ ಊರಿನ ಅಂಚೆ ಚೀಲಕ್ಕೆ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಕಾಗದ ಬೀಳಬೇಕು. ಸಿಪಾಯಿಗಳ ತಾಯಂದಿರಿಗೆಲ್ಲ ಈ ಲೆಕ್ಕ ಗೊತ್ತು. ಬೆಳಿಗ್ಗೆ ಎಂಟಕ್ಕೆ ಪಟ್ಟಿ ಓದಿದ್ದರೆ ಕಾಗದ ಬರೆಯಲು ನಾಲ್ಕು ಗಂಟೆ ಇರುತ್ತಿತ್ತು.

“ಒಂದು ವಾರ,” ಎಂದಳು ಥರ್ಜಾ. “ಅವನ ಹತ್ರ ಇರೋದು ಒಂದು ವಾರವೋ, ಒಂದು ದಿನವೋ. ಆ ವಾರ ಹೋಯ್ತು.”

“ಹೋಗಿಲ್ಲ,” ಎಂದ ಜೇಬೆಜ್. “ಓರ್ಲಿ ಸ್ಟೇಷನ್ನಿಗೆ ಅಂಚೆ ರೈಲು ಏಳೂ ಹತ್ತಕ್ಕೆ. ಆ ರೈಲಿನ ಅಂಚೆ ಬೋಗಿಗೇ ಕಾಗದ ಹಾಕೋಕೆ ಒಂದು ಸಂದು ಇರುತ್ತೆ. ತಡದ ಶುಲ್ಕಕ್ಕೆ ಅರ್ಧ ಪೆನ್ನಿ ಸ್ಟಾಂಪು ಹೆಚ್ಚಿಗೆ ಹಚ್ಚಿದ್ರೆ ತಗೋತಾರೆ. ನಾನು ನಡೆದು ಹೋಗ್ತೀನಿ. ಪೆನ್ನು ಕಾಗದ ರೂಮಲ್ಲಿದೆ, ತರ್ತೀನಿ ಇರು.”

“ತಂದು, ಬರೆದು, ಮತ್ತೆ ಹೋಗಿ... ಹೊತ್ತೆಲ್ಲಿದೆ? ನಾನೇ ಅಲ್ಲಿಗೆ ಬರ್ತೀನಿ.” ಶಾಲು ಹೊದ್ದಳು.

ಹೊಲದಿಂದ ಬಂದ ಗಂಡಸರು ಆಗ ರೂಮಿನಲ್ಲಿ ಸೇರುವ ಹೊತ್ತು. ಏಳೆಂಟು ಜನ. ಬಾಗಿಲಲ್ಲಿ ಹೆಂಗಸೊಬ್ಬಳು ಕಾಣಿಸಿಕೊಂಡಾಗ ತಲೆಗಳೆಲ್ಲ ಎದ್ದವು.

“ನಾಲ್ಕನೇ ನಿಯಮ, ಜೇಬೆಜ್,” ಎಂದ ಸಾಲ್, ಅಭ್ಯಾಸಬಲದಿಂದ.

“ಗೊತ್ತು. ಬರೆದೋನು ನಾನೇ.”

ಸಾಲ್ ಒಲೆಯ ಪಕ್ಕದ ತನ್ನ ಕುರ್ಚಿಯಿಂದ ಎದ್ದು, ಅದನ್ನು ಎಳೆದು ತಂದು ಮೇಜಿನ ಮುಂದೆ ಇಟ್ಟ. “ಕೂತ್ಕೋ ತಂಗಿ,” ಎಂದ. ಹದಿನಾಲ್ಕು ವರ್ಷದಲ್ಲಿ ಆ ಕುರ್ಚಿಯನ್ನು ಅವನು ಪಾದ್ರಿಗಳಿಗೂ ಬಿಟ್ಟುಕೊಟ್ಟಿರಲಿಲ್ಲ.

ಜೇಬೆಜ್ ಹಾಳೆ ಹರಡಿ, ಅವಳ ತೋರುಬೆರಳು ಹಿಡಿದು ಹೆಸರಿನ ಕೆಳಗಿಟ್ಟ. ಅವಳು ಅದನ್ನು ಬಹಳ ಹೊತ್ತು ನೋಡಿದಳು. “ಇಷ್ಟು ಚಿಕ್ಕದಾ?” ಎಂದಳು. ಆಮೇಲೆ, “ಬರೀರಿ.”

“ಏನಂತ?”

“ರೂಬೆನ್, ನಿನ್ನ ಹೆಸರು ಪತ್ರಿಕೇಲಿ ನೋಡ್ದೆ. ನಾನು ಚೆನ್ನಾಗಿದೀನಿ. ನಿನ್ನ ಹುರುಳಿಕಾಯಿ ಪಾತಿ ಅಗೆಸಿ ಇಟ್ಟಿದೀನಿ. ಈ ವರ್ಷ ಬೀಜ ನಾನು ಹಾಕ್ತೀನಿ, ಕಾಯಿ ಬಿಡಿಸೋ ಹೊತ್ತಿಗೆ ನೀನಿರ್ಬೇಕು.”

“ಬೇಗ ಗುಣವಾಗಲಿ ಅಂತ ಪ್ರಾರ್ಥಿಸ್ತೀನಿ ಅಂತ ಸೇರಿಸ್ಲಾ?”

“ಬೇಡ. ಅದು ಬರೆದ್ರೆ ಹೆದರ್ಕೋತಾನೆ. ಅಮ್ಮ ಅಂತ ಹಾಕಿ.”

ಒಣಗಲು ಕಾಗದದ ಮೇಲೆ ಒತ್ತುಕಾಗದ ಇಡುವಾಗ ಹೊರಗೆ ಗಾಡಿಯ ಸದ್ದಾಯಿತು. ಡೈನಾ ತನ್ನ ಗಿಡ್ಡ ಕುದುರೆಯ ಎರಡು ಗಾಲಿಯ ಗಾಡಿ ಹೂಡಿಕೊಂಡು ಬಂದಿದ್ದಳು. ಹಿಂಬದಿಯ ಹಲಗೆಯ ಮೇಲೆ ಕೆಂಪು ಬಣ್ಣದ ನೇಗಿಲು, ಅದರ ಕೆಳಗೆ ಬಿಯರ್ ಎಂಬ ದೊಡ್ಡ ಅಕ್ಷರ.

“ಒಳಗೆ ಬರ್ಲಾ? ಇಲ್ಲಾ ಇವತ್ತಿಗೆ ಒಬ್ಬಳೇ ಸಾಕಾ?” ಎಂದು ಬಾಗಿಲಿಂದ ಕೂಗಿದಳು. “ಸೆಕ್ರೆಟರಿಗಳು ಕುಂಟ್ತಾ ಇದ್ದಿದ್ದನ್ನ ನೋಡ್ದೆ. ಆ ಕಾಲಲ್ಲಿ ಏಳೂ ಹತ್ತರ ರೈಲು ಸಿಕ್ಕ ಹಾಗೇ.” ರೈಲಿನ ಲೆಕ್ಕ ಅವಳಿಗೂ ಹೊಳೆದಿತ್ತು, ಅವಳ ಅಕ್ಕನ ಮಗನೂ ಅದೇ ಯುದ್ಧಕ್ಕೆ ಹೋದವನು.

ಥರ್ಜಾ ಎದ್ದು ಬಾಗಿಲಿಗೆ ಹೋದಳು. ಒಂಬತ್ತು ವರ್ಷ ಇಬ್ಬರೂ ರಸ್ತೆಯ ಆಚೆ ಈಚೆ ಮುಖ ತಿರುಗಿಸಿ ನಡೆದವರು.

“ಕುದುರೆ ಓಡುತ್ತಾ?” ಎಂದಳು ಥರ್ಜಾ.

“ಓಡುತ್ತೆ.”

“ಹಾಗಾದ್ರೆ ಕರ್ಕೊಂಡು ಹೋಗು.” ಜೇಬೆಜನ ಕೈಗೆ ಕಾಗದ ಕೊಟ್ಟಳು. “ನಾಳೆ ಬೆಳಿಗ್ಗೆ ಮೊದ್ಲು ಒಂದನೇ ಪುಟದಿಂದ ಎಂಟನೇ ಪುಟದವರೆಗೂ ನನಗೆ ಓದಿ ಹೇಳ್ಬೇಕು. ಆಮೇಲೆ ಏನು ಬೇಕಾದ್ರೂ ಬಳ್ಕೊಳ್ಳಿ.”

ಜೇಬೆಜ್ ಪರ್ಡ್ಯೂ ಬಿಯರಿನ ಗಾಡಿಯಲ್ಲಿ ಕೂತು ಇಡೀ ಊರಿನ ನಡುವೆ ಹಾದುಹೋದ. ಇಸ್ಪೀಟಿನ ರಾಜನ ಹಾಗೆ ನೆಟ್ಟಗೆ ಕೂತಿದ್ದ ಎಂದು ಸಾಲ್ ಆಮೇಲೆ ಹೇಳುತ್ತಿದ್ದ. ದಾರಿಯಲ್ಲಿ ಡೈನಾ ಒಂದೆರಡು ಸಲ ಕೆಣಕಿದಳು. ಅವನು ಕೋಟಿನ ಒಳಜೇಬಿನ ಮೇಲೆ ಅಂಗೈ ಒತ್ತಿಕೊಂಡೇ ಇದ್ದ.

ಕತ್ತಲಲ್ಲಿ, ಕೆಸರಿನಲ್ಲಿ ಗಾಡಿ ಮೆಲ್ಲಗೇ ಸಾಗಿ, ಏಳೂ ಎಂಟಕ್ಕೆ ಅವರು ಸ್ಟೇಷನ್ನಿನ ಅಂಗಳದಲ್ಲಿದ್ದರು. ರೈಲು ಆಗಲೇ ನಿಂತಿತ್ತು. ಅವನು ಕುಂಟುತ್ತ ಪ್ಲಾಟ್‌ಫಾರಂ ದಾಟಿ ಅಂಚೆ ಬೋಗಿಯ ಹತ್ತಿರ ಹೋದ. ಹೆಚ್ಚಿನ ಸ್ಟಾಂಪು ಸರಿಯಾಗಿ ಅಂಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ, ಕಾಗದವನ್ನು ಸಂದಿಗೆ ತುರುಕಿದ. ಒಳಗಿನಿಂದ ಒಂದು ಕೈ ಅದನ್ನು ಎಳೆದುಕೊಂಡಿತು. ರೈಲು ಹೊರಟಿತು. ಆ ಕಾಗದ ಆಸ್ಪತ್ರೆ ಮುಟ್ಟಲು ಇನ್ನೂ ಮೂರು ವಾರ. ಓದಿಸಿಕೊಳ್ಳುವವನು ಇರುತ್ತಾನೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ.

“ಹೋಯ್ತಾ?” ಎಂದಳು ಡೈನಾ, ಲಗಾಮು ಹಿಡಿದು.

“ಹೋಯ್ತು.”

“ಖಂಡಿತಾ?”

ಜೇಬೆಜ್ ತಕ್ಷಣ ಬಾಯಿ ತೆರೆದ, ಮುಚ್ಚಿದ. ತಾನು ನಿಜವಾಗಿ ಕಂಡದ್ದೆಷ್ಟು ಎಂದು ಮನಸ್ಸಿನಲ್ಲೇ ನೋಡಿಕೊಂಡ.

“ಒಳಗಿನೋನು ಕೈಗೆ ತಗೊಂಡಿದ್ದನ್ನ ನೋಡಿದೆ,” ಎಂದ. “ಅಲ್ಲಿಂದಾಚೆ ನಾನು ನೋಡಿಲ್ಲ.”